ಸೊಂಟದ ಸಂದಿನ ನೋವು: ಕೈ ಏನು ಮಾಡೀತು, ಏನು ಮಾಡದು?

ಕೊಲ್ಲಾಪುರವೆಂದರೆ ನಮ್ಮ ಹಿರಿಯರಿಗೆ ಮಹಾಲಕ್ಷ್ಮಿಯ ಊರು. ಕುಸ್ತಿಯ ಹುಚ್ಚಿದ್ದವರಿಗೆ ಅದು ಪೈಲವಾನರ ಊರು. ಅಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಪೂರ್ವಕ್ಕೆ ಮಗ್ಗಗಳ ಪಟ್ಟಣವಾದ ಇಚಲಕರಂಜಿ. ದಕ್ಷಿಣಕ್ಕೆ ಇಳಿದರೆ, ಬೆಳಗಾವಿ ಜಿಲ್ಲೆಯ ಸಂಕೇಶ್ವರಕ್ಕೆ ಸಮೀಪದಲ್ಲಿ, ಹಿರಣ್ಯಕೇಶಿ ನದಿಯ ದಡದ ಗಡಹಿಂಗ್ಲಜ. ಮೂರೂ ಮಹಾರಾಷ್ಟ್ರದ ಒಂದೇ ಜಿಲ್ಲೆಗೆ ಸೇರಿದವು. ಕಚೇರಿಯ ಭಾಷೆ ಮರಾಠಿ. ಆದರೆ ಕನ್ನಡ ಮನೆಮಾತಾಗಿರುವ ಕುಟುಂಬಗಳು ಆ ಕಡೆ ಬೇಕಾದಷ್ಟಿವೆ. ಮನೆಯಲ್ಲೊಂದು ನುಡಿ, ಮನೆಯ ಹೊರಗೊಂದು ನುಡಿ ಎಂಬ ಬಾಳು ಹೇಗಿರುತ್ತದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಆ ಮೂರು ಊರುಗಳನ್ನು ಇಂದು ನಾವು ನೆನೆಯುವುದು ಒಂದು ನೋವಿನ ನಿಮಿತ್ತ.

ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನವಿದೆ, 1912ರಷ್ಟು ಹಳೆಯದು. ಎದುರಾಳಿಯ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹೊತ್ತು ಸೊಂಟ ತಿರುವುವುದು ಪೈಲವಾನನ ನಿತ್ಯದ ತಾಲೀಮು. ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗ ತಿರುಗಿದ್ದು 1904ರಲ್ಲಿ. ಅಲ್ಲಿನ ಕಾರ್ಮಿಕ ಪಾಳಿಯುದ್ದಕ್ಕೂ ನಿಂತೇ ಇರಬೇಕು. ಮಗ್ಗದಿಂದ ಮಗ್ಗಕ್ಕೆ ನಡೆಯಬೇಕು, ಎಳೆ ಹರಿದಲ್ಲಿ ಬಾಗಿ ಗಂಟು ಹಾಕಬೇಕು, ನೂಲು ತುಂಬಿದ ಬೀಮಿಗೆ ಹೆಗಲು ಕೊಡಬೇಕು. ಗಡಹಿಂಗ್ಲಜದ ಕಡೆ ಕಬ್ಬಿನ ಕಟಾವು, ತಲೆಹೊರೆ, ಕಂಕುಳ ಕೂಸು. ಕೆಲಸ ಬೇರೆ ಬೇರೆಯಾದರೂ ಭಾರ ಬೀಳುವ ಜಾಗ ಒಂದೇ. ಸೊಂಟದ ಹಿಂದೆ, ಬೆನ್ನು ಮುಗಿದು ಪೃಷ್ಠ ಆರಂಭವಾಗುವಲ್ಲಿ, ಎಡಕ್ಕೊಂದು ಬಲಕ್ಕೊಂದು ಇರುವ ಸಂದು ಅದು.

ಮರದ ಮೇಲೆ ನಿಂತು ಅಡಿಕೆ ಕೊಯ್ಯುವವನಿಗೂ, ಮೊರವನ್ನು ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟುವ ಹೆಂಗಸಿಗೂ ಇದೇ ಸಂದಿದೆ. ಆದುದರಿಂದ ಈ ಮಾತು ಅಲ್ಲಿಯದಷ್ಟೇ ಅಲ್ಲ, ನಮ್ಮದೂ ಹೌದು.

ಸಂದು ಎಂಥದು?

ಬೆನ್ನೆಲುಬಿನ ಬುಡದಲ್ಲಿ ಐದು ಕಶೇರುಕಗಳು ಬೆಸೆದುಕೊಂಡು ಒಂದು ಮುಕ್ಕೋಣ ಎಲುಬಾಗಿದೆ. ಇದು ತ್ರಿಕಾಸ್ಥಿ. ಅದರ ಎರಡು ಬದಿಗಳಲ್ಲಿ ಸೊಂಟದ ಅಗಲವಾದ ಎಲುಬುಗಳು ಬಂದು ಕೂಡುತ್ತವೆ. ಈ ಕೂಡುವಿಕೆಗೆ ವೈದ್ಯರು ‘ಸೇಕ್ರೋಇಲಿಯಾಕ್ ಸಂಧಿ’ ಎನ್ನುತ್ತಾರೆ. ಮೈಯ ಮೇಲ್ಭಾಗದ ಭಾರ ಕಾಲಿಗಿಳಿಯುವುದು ಈ ಹಾದಿಯಾಗಿಯೇ. ಮೊಣಕಾಲಿನಂತೆ ಇದು ಮಡಚುವ ಕೀಲಲ್ಲ. ಚಲನೆ ಕೆಲವೇ ಡಿಗ್ರಿ, ಒಂದೆರಡು ಮಿಲಿಮೀಟರು. ದಪ್ಪನೆಯ ಅಸ್ಥಿರಜ್ಜುಗಳು ಅದನ್ನು ಬಿಗಿದು ಕಟ್ಟಿವೆ. ಹೊಟ್ಟೆಯ, ಬೆನ್ನಿನ, ಪೃಷ್ಠದ ಸ್ನಾಯುಗಳು ಸುತ್ತಲಿಂದ ಅದುಮಿ ಹಿಡಿದಿವೆ. ಈ ಕಟ್ಟು ಎಲ್ಲಿ ಸಡಿಲವಾದರೂ, ಎಲ್ಲಿ ವಿಪರೀತ ಬಿಗಿದರೂ ಸಂದು ಕೆರಳುತ್ತದೆ.

ಬಸುರಿನಲ್ಲಿ ಅಸ್ಥಿರಜ್ಜುಗಳು ಮೆತ್ತಗಾಗುತ್ತವೆ. ಐವರು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಸೊಂಟದ ಈ ಕಟ್ಟಿನ ನೋವು ಕಾಣಿಸಿಕೊಳ್ಳುತ್ತದೆಂದು ಯುರೋಪಿನ ತಜ್ಞರ ಲೆಕ್ಕ. ಹೆರಿಗೆಯ ಬಳಿಕ ಹೆಚ್ಚಿನವರಿಗೆ ಅದು ತಾನಾಗಿ ಇಳಿಯುತ್ತದೆ. ಕೆಲವರಿಗೆ ಮಾತ್ರ ಉಳಿದುಬಿಡುತ್ತದೆ; ‘ಬಾಣಂತನ ಸರಿಯಾಗಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಮನೆಯವರು ಅದನ್ನು ಮುಗಿಸುತ್ತಾರೆ. ಪೃಷ್ಠದ ಮೇಲೆ ಜಾರಿಬಿದ್ದ ಪೆಟ್ಟೂ ಒಂದು ಕಾರಣವಾಗಬಹುದು.

ಬೆರಳು ಹೇಳುವ ಸತ್ಯ

1905ರಲ್ಲಿ ಅಮೇರಿಕದ ಬೋಸ್ಟನ್ನಿನ ಗೋಲ್ಡ್‌ತ್ವೇಟ್ ಮತ್ತು ಆಸ್‌ಗುಡ್ ಎಂಬ ವೈದ್ಯರು ಸೊಂಟನೋವಿಗೆ ಈ ಸಂದಿನತ್ತ ಬೆರಳು ತೋರಿದರು. 1934ರಲ್ಲಿ ಅದೇ ಊರಿನ ಮಿಕ್ಸ್‌ಟರ್ ಮತ್ತು ಬಾರ್, ಕಶೇರುಕಗಳ ನಡುವಿನ ‘ಡಿಸ್ಕ್’ ಹೊರಚಾಚಿ ನರವನ್ನು ಒತ್ತುವುದನ್ನು ವರ್ಣಿಸಿದರು. ಅಲ್ಲಿಂದ ಮುಂದೆ ಜಗತ್ತೆಲ್ಲ ಡಿಸ್ಕಿನ ಹಿಂದೆ ಹೋಯಿತು. ಈ ಸಂದು ಮೂಲೆಗೆ ಬಿತ್ತು. ಸಂದಿಗೇ ಸೂಜಿಯಿಂದ ಮರಗಟ್ಟಿಸುವ ಮದ್ದು ಹಾಕಿ ನೋಡುವ ಪರೀಕ್ಷೆಗಳು 1990ರ ದಶಕದಲ್ಲಿ ನಡೆದ ಮೇಲೆ ಅದರ ನೆನಪು ಮತ್ತೆ ಬಂತು. ದೀರ್ಘಕಾಲದ ಸೊಂಟನೋವುಗಳಲ್ಲಿ ನೂರಕ್ಕೆ 15ರಿಂದ 30ರಷ್ಟಕ್ಕೆ ಈ ಸಂದೇ ಮೂಲವೆಂದು ಈಗಿನ ಅಂದಾಜು.

ಇದನ್ನು ಗುರುತಿಸುವುದು ಹೇಗೆ? ಇಲ್ಲಿ ದೊಡ್ಡ ಯಂತ್ರಗಳಿಗಿಂತ ರೋಗಿಯ ಬೆರಳು ಹೆಚ್ಚು ಹೇಳುತ್ತದೆ. ಎಂ.ಆರ್.ಐ. ತೆಗೆಸಿದರೆ ನೋವೇ ಇಲ್ಲದ ಎಷ್ಟೋ ಮಂದಿಯ ಡಿಸ್ಕಿನಲ್ಲೂ ಸವೆತ ಕಾಣುತ್ತದೆ. ಅದನ್ನೇ ಅಪರಾಧಿಯೆಂದು ಹಿಡಿದರೆ ನಿಜವಾದ ಕಳ್ಳ ತಪ್ಪಿಸಿಕೊಂಡಂತೆ. ‘ಎಲ್ಲಿ ನೋವು? ಒಂದೇ ಬೆರಳಿನಿಂದ ತೋರಿಸಿ’ ಎಂದಾಗ, ಸೊಂಟದ ಹಿಂಬದಿಯ ಗುಳಿಯ ಹತ್ತಿರ, ತುಸು ಕೆಳಗೆ ಒಳಬದಿಗೆ, ಎರಡು ಸಲ ಕೇಳಿದರೂ ಬೆರಳು ಅಲ್ಲಿಯೇ ನಿಂತರೆ ಸಂದೇಹ ಈ ಸಂದಿನ ಮೇಲೆ. ಬಳಿಕ ಕೈಯಿಂದ ಮಾಡುವ ಐದಾರು ಒತ್ತಡ ಪರೀಕ್ಷೆಗಳಿವೆ: ತೊಡೆಯನ್ನು ಮೇಲೆತ್ತಿ ಕೆಳಕ್ಕೆ ಒತ್ತುವುದು, ಮಗ್ಗುಲಾಗಿ ಮಲಗಿಸಿ ಸೊಂಟವನ್ನು ಅದುಮುವುದು ಇತ್ಯಾದಿ. ಇವುಗಳಲ್ಲಿ ಒಂದರ ಮೇಲೆ ತೀರ್ಪು ಸಲ್ಲದು. ಮೂರರಲ್ಲಾದರೂ ಅದೇ ಪರಿಚಿತ ನೋವು ಎದ್ದರೆ ಮಾತ್ರ ಸಂಶಯ ಬಲವಾಗುತ್ತದೆಂದು ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ಮಾರ್ಕ್ ಲಾಸ್ಲೆಟ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿಕೊಟ್ಟರು.

ಇಲ್ಲಿ ಭಾಷೆಯ ಮಾತು ಬರುತ್ತದೆ. ಗಡಹಿಂಗ್ಲಜದ ಕನ್ನಡದ ತಾಯಿ ‘ಟೊಂಕ’ ಎನ್ನುತ್ತಾಳೆ. ಮರಾಠಿಯಲ್ಲಿ ಅದು ‘ಕಂಬರ’ವಾಗುತ್ತದೆ. ನಮ್ಮಲ್ಲಿ ‘ಸೊಂಟ’ ಎಂದದ್ದು ಮಲಯಾಳದಲ್ಲಿ ‘ನಡು’ವಾಗುತ್ತದೆ. ಚೀಟಿಗೆ ಇಳಿಯುವಾಗ ಎಲ್ಲವೂ ‘ಬೆನ್ನುನೋವು’. ಅದರ ಮೇಲೆ ಸಂಕೋಚ ಬೇರೆ. ನೋವಿರುವುದು ಪೃಷ್ಠದಲ್ಲಿ, ಹೇಳಲು ನಾಚಿ ಹೆಂಗಸರು ಕೈಯನ್ನು ನಾಲ್ಕು ಬೆರಳು ಮೇಲೆ ಇಡುತ್ತಾರೆ. ಆ ನಾಲ್ಕು ಬೆರಳಿನ ಅಂತರದಲ್ಲಿ ರೋಗದ ಹೆಸರೇ ಬದಲಾಗಿಬಿಡಬಹುದು.

ಕೈಯ ಕೆಲಸ

ಫಿಸಿಯೋಥೆರಪಿ ನಮ್ಮ ದೇಶಕ್ಕೆ ತೀರ ಹಳೆಯದಲ್ಲ. 1950ರ ದಶಕದ ಆರಂಭದಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅದರ ಶಾಲೆ ತೆರೆಯಿತು. ಇಂದು ಕೊಲ್ಲಾಪುರದಲ್ಲಿ ಅದಕ್ಕೆ ಕಾಲೇಜಿದೆ. ಕಾಸರಗೋಡಿನವರಿಗೆ ಹತ್ತಿರದ ಮಂಗಳೂರಿನಲ್ಲಿಯೂ ಇವೆ.

ಈ ಸಂದಿಗೆ ಕೈಯ ಚಿಕಿತ್ಸೆ ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಎಲುಬಿನ ಅಂಚಿಗೆ ಅಂಗೈಯಿಟ್ಟು ತೂಗಿದಂತೆ, ಲಯಬದ್ಧವಾಗಿ ಒತ್ತುವುದು. ಎರಡನೆಯದು, ತಕ್ಕ ಭಂಗಿಯಲ್ಲಿ ಮಲಗಿಸಿ ಒಮ್ಮೆಗೇ ಸಣ್ಣ ತಳ್ಳು ಕೊಡುವುದು. ‘ಟಕ್’ ಎಂಬ ಸದ್ದು ಬರುವುದು ಇದರಲ್ಲೇ. ಮೂರನೆಯದರಲ್ಲಿ ರೋಗಿಯದೇ ಅರ್ಧ ಕೆಲಸ: ಚಿಕಿತ್ಸಕರು ಕಾಲನ್ನು ಹಿಡಿದಿರುತ್ತಾರೆ, ರೋಗಿ ಅವರ ಕೈಗೆ ಎದುರಾಗಿ ಕೆಲವು ಕ್ಷಣ ಮೆಲ್ಲನೆ ಒತ್ತಿ ಸಡಿಲ ಬಿಡಬೇಕು. ‘ಒತ್ತಿ... ಹಿಡಿಯಿರಿ... ಬಿಡಿ’ ಎಂಬ ಮೂರು ಮಾತು ರೋಗಿಗೆ ಅರ್ಥವಾಗದಿದ್ದರೆ ಈ ಚಿಕಿತ್ಸೆಯೇ ನಡೆಯದು. ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ರೋಗಿ ಮಾತಾಡಬೇಕಾಗಿಲ್ಲ. ಇಲ್ಲಿ ಮಾತೂ ಮದ್ದಿನ ಭಾಗ.

ಇನ್ನು ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕಾಗಿದೆ. ‘ಎಲುಬು ಜಾರಿತ್ತು, ಕೂರಿಸಿದರು’ ಎಂದು ನಾವೆಲ್ಲ ಹೇಳುತ್ತೇವೆ. ಹಳ್ಳಿಯ ಉಳುಕು ತೆಗೆಯುವವರೂ ಹಾಗೆನ್ನುತ್ತಾರೆ, ಕೆಲವು ಪದವೀಧರರೂ ಎನ್ನುತ್ತಾರೆ. 1998ರಲ್ಲಿ ಸ್ವೀಡನ್ನಿನಲ್ಲಿ ಟುಲ್‌ಬರ್ಗ್ ಮತ್ತು ಸಂಗಡಿಗರು ಹತ್ತು ರೋಗಿಗಳಲ್ಲಿ ಚಿಕಿತ್ಸೆಯ ಮೊದಲೂ ಬಳಿಕವೂ ಅತಿ ಸೂಕ್ಷ್ಮ ಎಕ್ಸ್‌ರೇ ಅಳತೆ ತೆಗೆದರು. ಕೈಯಿಂದ ಮುಟ್ಟಿ ನೋಡಿದವರು ‘ಸರಿಹೋಯಿತು’ ಎಂದರು; ಅಳತೆಯಲ್ಲಿ ಎಲುಬುಗಳು ಇದ್ದಲ್ಲಿಯೇ ಇದ್ದವು! ಹಾಗಾದರೆ ನೋವು ಇಳಿಯುವುದು ಸುಳ್ಳೇ? ಅಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ನರಗಳ ಕೂಗು ತಗ್ಗುತ್ತದೆ, ಅಲುಗಾಡಲು ಹೆದರುತ್ತಿದ್ದ ಮೈಗೆ ಧೈರ್ಯ ಬರುತ್ತದೆ. ಆದರೆ ಈ ನೆಮ್ಮದಿ ಹಲವರಿಗೆ ಕೆಲವೇ ದಿನಗಳದು. ‘ಜಾರಿದೆ’ ಎಂದು ನಂಬಿದ ರೋಗಿ ಮಾತ್ರ ಪ್ರತಿ ತಿಂಗಳು ‘ಕೂರಿಸಿಕೊಳ್ಳಲು’ ಹೋಗುತ್ತಾನೆ. ದಿನಗೂಲಿಯೂ ಹೋಯಿತು, ನೋವೂ ಉಳಿಯಿತು.

ಉಳಿದರ್ಧ ನಮ್ಮದು

ಆ ಕೆಲವು ದಿನಗಳಲ್ಲಿ ಸ್ನಾಯುಗಳಿಗೆ ಬಲ ಕೊಡುವುದೇ ನಿಜವಾದ ಚಿಕಿತ್ಸೆ. ನಾರ್ವೆಯಲ್ಲಿ ಬ್ರಿಟ್ ಸ್ಟುಗೆ ಮತ್ತು ಸಂಗಡಿಗರು ಹೆರಿಗೆಯ ನಂತರವೂ ಈ ನೋವು ಬಿಡದ 81 ಹೆಂಗಸರನ್ನು ಎರಡು ಗುಂಪು ಮಾಡಿ 20 ವಾರ ಚಿಕಿತ್ಸೆ ನೀಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಸೊಂಟವನ್ನು ಸ್ಥಿರಗೊಳಿಸುವ ವ್ಯಾಯಾಮವನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಕಲಿತವರಿಗೆ ಹೆಚ್ಚು ಗುಣ. ಎರಡು ವರ್ಷದ ಬಳಿಕವೂ ಅದು ಉಳಿದಿತ್ತು.

ವ್ಯಾಯಾಮಗಳು ಸರಳ. ಅಂಗಾತ ಮಲಗಿ ಮೊಣಕಾಲು ಮಡಚಿ, ಉಸಿರು ಕಟ್ಟದೆ ಕೆಳಹೊಟ್ಟೆಯನ್ನು ಮೆಲ್ಲನೆ ಒಳಗೆಳೆದು ಹಿಡಿಯುವುದು. ಅದೇ ಭಂಗಿಯಲ್ಲಿ ಪೃಷ್ಠವನ್ನು ಎತ್ತಿ ಇಳಿಸುವುದು. ಯಾವುದು, ಎಷ್ಟು ಸಲ ಎಂಬುದನ್ನು ಚಿಕಿತ್ಸಕರೇ ಹೇಳಬೇಕು. ನೋವು ಹೆಚ್ಚಿದರೆ ನಿಲ್ಲಿಸಬೇಕು. ಸೊಂಟಕ್ಕೆ ಕಟ್ಟುವ ಪಟ್ಟಿಯೂ ಕೆಲವರಿಗೆ ನೆರವಾಗುತ್ತದೆ. ಅದು ಹೊಟ್ಟೆಯ ಮೇಲಲ್ಲ, ತೊಡೆಯ ಬುಡದ ಎಲುಬಿಗಿಂತ ತುಸು ಮೇಲೆ ಕೂರಬೇಕು.

ನಿತ್ಯದಲ್ಲಿ ಪಾಲಿಸಬೇಕಾದ್ದು ಇಷ್ಟು: ಒಂದೇ ಕಾಲಿಗೆ ಭಾರ ಹಾಕಿ ನಿಲ್ಲಬಾರದು. ಕೊಡವನ್ನೂ ಕೂಸನ್ನೂ ಯಾವಾಗಲೂ ಒಂದೇ ಮಗ್ಗುಲಿಗೆ ಹೊರಬಾರದು. ಹಾಸಿಗೆಯಲ್ಲಿ ಹೊರಳುವಾಗ ಮೊಣಕಾಲುಗಳನ್ನು ಜೋಡಿಸಿಕೊಂಡೇ ಹೊರಳಬೇಕು. ಬೀಡಿಯ ಮೊರವನ್ನು ಆಗಾಗ ಕೆಳಗಿಟ್ಟು ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ತಿಂಗಳುಗಟ್ಟಲೆ ಮಲಗಿಬಿಡುವುದು ಮದ್ದಲ್ಲ. ಅದರಿಂದ ಸ್ನಾಯು ಇನ್ನಷ್ಟು ಸೊರಗುತ್ತದೆ.

ಕೈ ಹಾಕಬಾರದ ಸೊಂಟ

ಎಲ್ಲ ಸೊಂಟನೋವಿಗೂ ಕೈಯ ಚಿಕಿತ್ಸೆ ಸಲ್ಲದು. ನೋವಿನ ಜೊತೆಗೆ ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದರೂ ನೋವು ಬಿಡದಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಬೇಕು. ಕ್ಷಯವೂ ಈ ಸಂದನ್ನು ಹಿಡಿಯುವುದುಂಟು. ನಲವತ್ತರೊಳಗಿನ ಯುವಕನಿಗೆ ಬೆಳಗ್ಗೆ ಏಳುವಾಗ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟಿದಂತಿದ್ದು, ಓಡಾಡಿದರೆ ಹಗುರಾಗುತ್ತಿದ್ದರೆ ಅದು ‘ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್’ ಎಂಬ ಉರಿಯೂತವಾಗಿರಬಹುದು. ಅದಕ್ಕೆ ಬೇರೆಯೇ ಮದ್ದಿದೆ, ತಡಮಾಡಬಾರದು. ಎಲುಬು ಟೊಳ್ಳಾದ ವೃದ್ಧರಿಗೆ ರಭಸದ ತಳ್ಳು ಕೊಡಿಸಬಾರದು. ಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಸ್ಪರ್ಶ ಹೋದರೆ ಅದೇ ದಿನ ಆಸ್ಪತ್ರೆಗೆ ಧಾವಿಸಬೇಕು.

ಮೈಗೆ ಕೈ ಹಾಕುವವರ ಪದವಿ ಯಾವುದು ಎಂದು ಕೇಳುವುದು ಅವಿನಯವಲ್ಲ. 2021ರಲ್ಲಿ ಕೇಂದ್ರ ಸರಕಾರ ಮಾಡಿದ ಕಾನೂನಿನ ವ್ಯಾಪ್ತಿಗೆ ಫಿಸಿಯೋಥೆರಪಿಸ್ಟರೂ ಬಂದಿದ್ದಾರೆ.

ಗಡಿಯ ಊರುಗಳಲ್ಲಿ ಬಾಳುವ ನಾವು ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಮಾತನ್ನು ನುಂಗಿಕೊಳ್ಳುವುದು ರೂಢಿ. ಅಮ್ಮನ ನೋವನ್ನು ಮಗ ಮಲಯಾಳದಲ್ಲಿ ಎರಡು ಶಬ್ದದಲ್ಲಿ ಹೇಳಿ ಮುಗಿಸುತ್ತಾನೆ, ಅಮ್ಮ ತಲೆಯಾಡಿಸುತ್ತಾಳೆ. ಇನ್ನು ಹಾಗಾಗದಿರಲಿ. ಮಗ ಅನುವಾದ ಮಾಡಲಿ. ಆದರೆ ಅದಕ್ಕೂ ಮೊದಲು ಅಮ್ಮ ನಾಚದೆ ಬೆರಳಿಟ್ಟು ಜಾಗ ತೋರಿಸಲಿ, ತನ್ನ ಮಾತಿನಲ್ಲಿ ತಾನೇ ಹೇಳಲಿ. ಹೇಳಿಕೊಟ್ಟ ವ್ಯಾಯಾಮ ಅರ್ಥವಾಗದಿದ್ದರೆ ‘ಇನ್ನೊಮ್ಮೆ ಮಾಡಿ ತೋರಿಸಿ’ ಎಂದು ಕೇಳಲಿ. ಬೇರೆಯವರ ಕೈ ನೋವನ್ನು ಇಳಿಸೀತು. ಅದು ಮರಳಿ ಬಾರದಂತೆ ಕಾಯಬೇಕಾದದ್ದು ನಮ್ಮದೇ ಮೈ.