ಸಾವಿರ ಲಿಂಕ್ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ: ಗೂಗಲ್‌ನಲ್ಲಿ ನಿಮ್ಮ ಅಂಗಡಿ ಮೇಲೆ ಬರೋದು ಹೇಗೆ?

ಹೆಬ್ಬಗೋಡಿ: ‘ಸರ್, ನಿಮ್ಮ ವೆಬ್‌ಸೈಟ್‌ಗೆ ಸಾವಿರ ಬ್ಯಾಕ್‌ಲಿಂಕ್ ಹಾಕಿಕೊಡ್ತೀವಿ, ಒಂದೇ ತಿಂಗಳಲ್ಲಿ ಗೂಗಲ್ ಫಸ್ಟ್ ಪೇಜ್‌ಗೆ ಬರ್ತೀರಿ.’ ವೆಬ್‌ಸೈಟ್ ಇಟ್ಟುಕೊಂಡಿರೋ ಅಂಗಡಿಯವರಿಗೆ, ಪಿ.ಜಿ. ಮಾಲೀಕರಿಗೆ ಇಂಥ ಫೋನ್ ಹೊಸದೇನಲ್ಲ. ದುಡ್ಡು ಕೊಡೋ ಮುಂಚೆ ಈ ಬ್ಯಾಕ್‌ಲಿಂಕ್ ಅಂದ್ರೆ ಏನು ಅಂತ ತಿಳಿದುಕೊಳ್ಳೋದು ಒಳ್ಳೆಯದು.

ಬೇರೆಯವರ ವೆಬ್‌ಸೈಟ್‌ನಲ್ಲಿ ನಿಮ್ಮ ಅಂಗಡಿ ಹೆಸರು ಒತ್ತಿದರೆ ನಿಮ್ಮ ವೆಬ್‌ಸೈಟ್ ತೆರೆದುಕೊಂಡರೆ ಅದೇ ಬ್ಯಾಕ್‌ಲಿಂಕ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಶುರು ಮಾಡಿದಾಗ ಅವರ ಕೈಲಿದ್ದ ಬಂಡವಾಳವೇ ಈ ಲಿಂಕ್‌ಗಳ ಲೆಕ್ಕ. ಪೇಜ್‌ರ‍್ಯಾಂಕ್ ಅಂತ ಅದರ ಹೆಸರು.

ಲೆಕ್ಕ ನಮ್ಮೂರಿನ ಮಾತಿನ ಹಾಗೇ ಇದೆ. ಹೊಸದಾಗಿ ಬಾಡಿಗೆಗೆ ಬಂದವರು ‘ಒಳ್ಳೆ ಪ್ಲಂಬರ್ ಯಾರು?’ ಅಂತ ಕೇಳ್ತಾರೆ. ಹತ್ತು ಮನೆ ಕಟ್ಟಿಸಿದ ಮೇಸ್ತ್ರಿ ಒಬ್ಬರ ಹೆಸರು ಹೇಳಿದರೆ ಅದಕ್ಕೆ ತೂಕ ಇದೆ. ಕೇಳಿದವರಿಗೆಲ್ಲ ನೂರು ಹೆಸರು ಹೇಳೋನ ಮಾತಿಗೆ ಅಷ್ಟಿಲ್ಲ. ಗೂಗಲ್ ಲೆಕ್ಕದಲ್ಲೂ ಒಂದು ಪುಟ ತನ್ನ ತೂಕವನ್ನು ತಾನು ಕೊಟ್ಟ ಲಿಂಕ್‌ಗಳಿಗೆಲ್ಲ ಹಂಚಬೇಕು. ನಾಲ್ಕೇ ಲಿಂಕ್ ಇರೋ ಒಳ್ಳೆ ಪುಟದಿಂದ ಸಿಗೋ ಪಾಲು ದೊಡ್ಡದು. ನಾನೂರು ಲಿಂಕ್ ತುಂಬಿರೋ ಪುಟದಿಂದ ಸಿಗೋದು ಚೂರು. ಮಾರಾಟಕ್ಕಿರೋ ‘ಸಾವಿರ ಲಿಂಕ್’ ಸಾಮಾನ್ಯವಾಗಿ ಈ ಎರಡನೇ ಜಾತಿಯವು.

ಬರೀ ವ್ಯರ್ಥ ಆದರೆ ಪರವಾಗಿಲ್ಲ, ಕೆಲವು ಸಲ ತಿರುಗಿ ಹೊಡೆಯುತ್ತೆ. ಅಮೆರಿಕದ ದೊಡ್ಡ ಅಂಗಡಿ ಜೆ.ಸಿ.ಪೆನ್ನಿಗೆ ಹಾಗೇ ಆಯ್ತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಅವರ ವೆಬ್‌ಸೈಟ್‌ಗೆ ಲಿಂಕ್ ಹಾಕಿಸಲಾಗಿತ್ತು. 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಬಯಲಿಗೆ ತಂದಿತು. ಮನೆ ಪೀಠೋಪಕರಣದ ಹುಡುಕಾಟದಲ್ಲಿ 1ನೇ ಸ್ಥಾನದಲ್ಲಿದ್ದವರು 68ಕ್ಕೆ ಇಳಿದರು. ನಮಗೆ ಗೊತ್ತೇ ಇರಲಿಲ್ಲ ಅಂತ ಕಂಪನಿ ಹೇಳಿತು, ಏಜೆನ್ಸಿಯನ್ನೂ ಬಿಡಿಸಿತು. ಆದರೆ ಕೆಳಗೆ ಬಿದ್ದಿದ್ದು ಅಂಗಡಿ, ಏಜೆನ್ಸಿ ಅಲ್ಲ. ಮುಂದಿನ ವರ್ಷ, 2012ರ ಏಪ್ರಿಲ್‌ನಲ್ಲಿ, ಇಂಥ ಲಿಂಕ್‌ಗಳನ್ನು ಹಿಡಿಯೋಕೆ ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ತಂದಿತು. ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳೋದು, ಮಾರೋದು ಈಗಲೂ ಗೂಗಲ್ ನಿಯಮಕ್ಕೆ ವಿರುದ್ಧ.

ಹಾಗಾದರೆ ಲಿಂಕ್ ಬೇಡವೇ? ಅದು ನಿಮ್ಮ ವ್ಯಾಪಾರ ಯಾವುದು ಅನ್ನೋದರ ಮೇಲೆ ನಿಂತಿದೆ. 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಹೆಬ್ಬಗೋಡಿ ಸ್ಟೇಷನ್‌ನಲ್ಲಿ ಇಳಿದವರು ಫೋನ್ ತೆಗೆದು ‘ಹತ್ತಿರದ ಪಿ.ಜಿ.’, ‘ಹತ್ತಿರದ ಮೆಸ್’ ಅಂತ ಹುಡುಕಿದರೆ ಗೂಗಲ್ ಮೂರು ವಿಷಯ ನೋಡುತ್ತೆ: ಕೇಳಿದ್ದಕ್ಕೂ ನಿಮ್ಮ ಅಂಗಡಿಗೂ ಹೊಂದಿಕೆ, ದೂರ, ಮತ್ತೆ ಹೆಸರು. ಲಿಂಕ್, ಗ್ರಾಹಕರ ರಿವ್ಯೂ ಬರೋದು ಈ ಹೆಸರಿನ ಲೆಕ್ಕದಲ್ಲಿ. ಹಾಗಾಗಿ ಮೆಸ್, ಪಿ.ಜಿ., ಬೇಕರಿಯವರು ಮೊದಲು ಗೂಗಲ್ ಬ್ಯುಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ಸಮಯ, ಫೋಟೊ ಸರಿಯಾಗಿ ಹಾಕಲಿ. ಅದಕ್ಕೆ ಒಂದು ರೂಪಾಯಿಯೂ ಬೇಡ.

ಬೊಮ್ಮಸಂದ್ರದ ಮಷೀನ್ ಶಾಪ್ ಕಥೆ ಬೇರೆ. ಪುಣೆ, ಕೊಯಮತ್ತೂರಿನಿಂದ ಆರ್ಡರ್ ಬರಬೇಕು ಅಂದ್ರೆ ಹತ್ತಿರ-ದೂರದ ಲೆಕ್ಕ ಕೈ ಹಿಡಿಯಲ್ಲ, ಅಲ್ಲಿ ಲಿಂಕ್ ಬೇಕೇ ಬೇಕು. ನೀವು ಡೀಲರ್ ಆಗಿರೋ ಕಂಪನಿಯ ವೆಬ್‌ಸೈಟ್‌ನ ಡೀಲರ್ ಪಟ್ಟಿಯಲ್ಲಿ ನಿಮ್ಮ ಹೆಸರಿಗೆ ಲಿಂಕ್ ಇದೆಯಾ? ಕೈಗಾರಿಕಾ ಸಂಘದ ಸದಸ್ಯರ ಪಟ್ಟಿಯಲ್ಲಿ? ಸ್ಟಾಲ್ ಹಾಕಿದ ಮೇಳದ ವೆಬ್‌ಸೈಟ್‌ನಲ್ಲಿ? ಬಹಳ ಕಡೆ ಹೆಸರಿರುತ್ತೆ, ಲಿಂಕ್ ಇರಲ್ಲ. ಒಂದು ಇಮೇಲ್ ಹಾಕಿ ಕೇಳಿದರೆ ಹಾಕ್ತಾರೆ.

ಈಗಾಗಲೇ ಯಾರಿಗಾದರೂ ದುಡ್ಡು ಕೊಟ್ಟಿದ್ದರೆ, ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ‘ಲಿಂಕ್ಸ್’ ವಿಭಾಗ ತೆರೆಯಿರಿ. ಯಾವ್ಯಾವ ವೆಬ್‌ಸೈಟ್‌ನಿಂದ ನಿಮ್ಮ ಕಡೆ ಲಿಂಕ್ ಬಂದಿದೆ ಅನ್ನೋದರ ಪಟ್ಟಿ ಅಲ್ಲಿ ಸಿಗುತ್ತೆ. ಕೇಳರಿಯದ ಭಾಷೆಯ ಜೂಜಿನ ಸೈಟ್‌ಗಳೇ ತುಂಬಿದ್ದರೆ, ಏಜೆನ್ಸಿಯವರನ್ನು ಕೂರಿಸಿಕೊಂಡು ಅದೇ ಪಟ್ಟಿ ತೋರಿಸಿ ಕೇಳಿ.