ಹಳೆಯ ಬಣ್ಣದ ಮೇಲೆ ಹೊಸ ಬಣ್ಣ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹೊಲಗಳಿಂದ ಗೋವಿನಜೋಳ ಹೇರಿದ ಟ್ರೇಲರುಗಳನ್ನು ವರ್ಷಗಟ್ಟಲೆ ಎಳೆದ ಟ್ರ್ಯಾಕ್ಟರಿನ ಬಾನೆಟ್ಟು ಪುನಃ ಕಾಂತಿಯುತವಾಗಬೇಕಾದರೆ, ಬಣ್ಣಕ್ಕಿಂತ ಮೊದಲು ಅದರ ಮೇಲ್ಮೈ ಶುದ್ಧವಾಗಬೇಕು.

ಉಜ್ಜುವ ಮುನ್ನವೇ ಸಾಬೂನು ನೀರಿನಿಂದ ತೊಳೆದು ಗ್ರೀಸಿನ ಜಿಡ್ಡನ್ನು ನಿಶ್ಶೇಷವಾಗಿ ತೆಗೆಯಿರಿ. ಇಲ್ಲವಾದರೆ ಅದು ಗೀರುಗಳೊಳಗೆ ಸೇರಿ ಹೊಸ ಬಣ್ಣವನ್ನು ಹಿಡಿಯಗೊಡದು.

ತುಕ್ಕು ತಿಂದ ಭಾಗವನ್ನು 80ನೆಯ ಅಂಕೆಯ ಉಜ್ಜುಕಾಗದದಿಂದ ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಗಟ್ಟಿಯಾಗಿ ಹಿಡಿದಿರುವ ಹಳೆಯ ಬಣ್ಣವನ್ನು ಮಾತ್ರ ಉಳಿಸಿಕೊಂಡು, ಬಣ್ಣವೂ ತಗಡೂ ಸಂಧಿಸುವ ಅಂಚನ್ನು 180, ಅನಂತರ 320ರ ಕಾಗದಗಳಿಂದ ಏರುತಗ್ಗು ತಾಗದಂತೆ ಇಳಿಜಾರು ಮಾಡುವುದೇ ಈ ಕಾರ್ಯದ ಜೀವಾಳ. ಇಲ್ಲಿ ಕಣ್ಣಿಗಿಂತಲೂ ಕಣ್ಮುಚ್ಚಿ ಸವರುವ ಅಂಗೈಯೇ ವಿಶ್ವಾಸಾರ್ಹವೆಂದು ನನ್ನ ದೃಢವಾದ ಅಭಿಪ್ರಾಯ.

ಅನಂತರ ತಗ್ಗುಗಳಿಗೆ ತುಂಬಿ ಒಣಗಿಸಿದ ಪುಟ್ಟಿಯನ್ನು ನೀರು ತಾಗಿಸದೆ ಉಜ್ಜಿರಿ. ನೀರನ್ನು ಹೀರುವುದು ಅದರ ಸ್ವಭಾವ. ಹೀರಿದ ನೀರು ಮುಂದೆ ಬಣ್ಣದಡಿಯಲ್ಲಿ ಗುಳ್ಳೆಯಾಗಿ ಏಳುವುದು. ಆದುದರಿಂದ ಅರೆಮಲೆನಾಡಾದ ಹಾನಗಲ್ಲಿನಲ್ಲಿ ಆಷಾಢದ ಜಿಟಿಜಿಟಿ ಮಳೆಯ ದಿನಗಳಲ್ಲಿ ಈ ಕೆಲಸವನ್ನು ಮುಂದೂಡುವುದೇ ಲೇಸು.

ಅದರ ಮೇಲೆ ಹಚ್ಚಿದ ಪ್ರೈಮರ್ ಒಣಗಿದ ಬಳಿಕ 400, 600ರ ವಾಟರ್ ಪೇಪರಿನಿಂದ, ಈಗ ನೀರು ಹಾಕಿಯೇ, ನಯಗೊಳಿಸಿರಿ.

ಹಳೆಯ ಹಳದಿ, ಕೆಂಪು ಬಣ್ಣಗಳಲ್ಲಿ ಸೀಸವಿರುವ ಸಂಭವವುಂಟು; ಆದಕಾರಣ ಧೂಳು ತಡೆಯುವ ಮುಖಗವಸಿಲ್ಲದೆ ಉಜ್ಜಕೂಡದು, ಮಕ್ಕಳನ್ನು ಆ ಧೂಳಿನ ಬಳಿ ಸುಳಿಯಗೊಡಲೂ ಕೂಡದು.