ಪಾದಗಳಿಗೂ ಬೇಕು ಒಂದಿಷ್ಟು ಆರೈಕೆ

ಬೆಳಗ್ಗೆ ಒಲೆ ಹಚ್ಚಿದಲ್ಲಿಂದ ರಾತ್ರಿ ಅಡುಗೆಮನೆಯ ದೀಪ ಆರಿಸುವವರೆಗೆ ಗೃಹಿಣಿಗೆ ಕುಳಿತುಕೊಳ್ಳಲು ಪುರುಸೊತ್ತಿಲ್ಲ. ಮುಖಕ್ಕೆ ಕ್ರೀಮು, ತಲೆಗೆ ಎಣ್ಣೆ ಹಚ್ಚಲು ಮರೆಯದ ನಮಗೆ, ಇಡೀ ದೇಹದ ಭಾರ ಹೊರುವ ಪಾದಗಳ ನೆನಪಾಗುವುದು ಅವು ನೋಯತೊಡಗಿದಾಗ ಮಾತ್ರ. ಹಿಂದೆ ಮಲಗುವ ಹೊತ್ತಿಗೆ ಮಕ್ಕಳು ಹಿರಿಯರ ಕಾಲೊತ್ತುತ್ತಿದ್ದರು. ಇಂದು ನಗರಗಳಲ್ಲಿ ‘ರಿಫ್ಲೆಕ್ಸಾಲಜಿ’ ಎಂಬ ಹೆಸರಿನಲ್ಲಿ ಹಣ ತೆತ್ತು ಪಾದ ಒತ್ತಿಸಿಕೊಳ್ಳುವವರಿದ್ದಾರೆ.

ಏನಿದು ರಿಫ್ಲೆಕ್ಸಾಲಜಿ?

ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞ ಡಾ. ವಿಲಿಯಂ ಫಿಟ್ಜ್‌ಜೆರಾಲ್ಡ್ ದೇಹವನ್ನು ಉದ್ದುದ್ದವಾಗಿ 10 ವಲಯಗಳಾಗಿ ವಿಂಗಡಿಸಿದರು. ಒಂದು ವಲಯದ ಯಾವುದಾದರೂ ಭಾಗವನ್ನು ಒತ್ತಿದರೆ ಅದೇ ವಲಯದ ಇನ್ನೊಂದು ಭಾಗದ ನೋವು ತಗ್ಗುತ್ತದೆ ಎಂಬುದು ಅವರ ವಾದ. 1917ರಲ್ಲಿ ಈ ಕುರಿತ ಅವರ ಪುಸ್ತಕ ಹೊರಬಂತು. 1930ರ ದಶಕದಲ್ಲಿ ಯೂನಿಸ್ ಇಂಗ್‌ಹ್ಯಾಮ್ ಎಂಬ ಮಹಿಳೆ ಇದನ್ನು ಪಾದಗಳಿಗೆ ಅನ್ವಯಿಸಿ ನಕ್ಷೆಯನ್ನೇ ರಚಿಸಿದರು. ಅದರ ಪ್ರಕಾರ ಹೆಬ್ಬೆರಳು ತಲೆಗೆ, ಬೆರಳುಗಳ ಕೆಳಗಿನ ಉಬ್ಬು ಎದೆಗೆ, ಪಾದದ ನಡುಭಾಗ ಜೀರ್ಣಾಂಗಗಳಿಗೆ ಸಂಬಂಧಿಸಿದವು.

ನಿಜವೆಷ್ಟು?

ಪಾದದ ಬಿಂದುಗಳಿಗೂ ಒಳಗಿನ ಅಂಗಗಳಿಗೂ ಇಂತಹ ಸಂಬಂಧವಿದೆ ಎಂಬುದು ಸಾಬೀತಾಗಿಲ್ಲ. ಪಾದ ಒತ್ತಿ ರೋಗ ಪತ್ತೆ ಹಚ್ಚಲು ಅಥವಾ ಗುಣಪಡಿಸಲು ಸಾಧ್ಯವೆಂಬುದಕ್ಕೂ ಖಚಿತ ಆಧಾರವಿಲ್ಲ. ಆದರೆ ಹಿತವಾದ ಒತ್ತಡದಿಂದ ಮೈಮನಸ್ಸು ಸಡಿಲಗೊಳ್ಳುತ್ತದೆ. ಆತಂಕ, ದಣಿವು ತುಸು ಕಡಿಮೆಯಾದುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದ್ದರಿಂದ ಇದು ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಯ ಬದಲಿಗೆ ಬೇಡ. ಯಾರೋ ಹೇಳಿದರೆಂದು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಗಳನ್ನು ನಿಲ್ಲಿಸುವುದು ಅಪಾಯ.

ಮನೆಯಲ್ಲೇ ಹೀಗೆ ಮಾಡಿ

* ಉಗುರು ಬೆಚ್ಚಗಿನ ನೀರಿನಲ್ಲಿ ಪಾದ ತೊಳೆದು, ಬೆರಳುಗಳ ಸಂದಿಯನ್ನೂ ಚೆನ್ನಾಗಿ ಒರೆಸಿ.
* ಅಂಗೈಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿಕೊಂಡು ಇಡೀ ಪಾದವನ್ನು ಮೃದುವಾಗಿ ನೀವಿ.
* ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳುಗಳತ್ತ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಸಾಗಿ. ನೋವಾದರೆ ಒತ್ತಡ ಕಡಿಮೆ ಮಾಡಿ.
* ಪ್ರತಿಯೊಂದು ಬೆರಳನ್ನೂ ಹಗುರವಾಗಿ ತಿರುಗಿಸಿ. ಒಂದು ಪಾದಕ್ಕೆ ಹತ್ತು ನಿಮಿಷ ಸಾಕು.
* ಎದ್ದು ನಡೆಯುವ ಮುನ್ನ ಎಣ್ಣೆ ಒರೆಸಿಕೊಳ್ಳಿ, ಇಲ್ಲವಾದರೆ ಜಾರೀತು.

ಎಚ್ಚರಿಕೆ ಇರಲಿ

ಸಕ್ಕರೆ ಕಾಯಿಲೆ ಇರುವವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದು. ನೀರು ಸುಡುತ್ತಿದ್ದರೂ, ಉಗುರು ತಾಗಿ ಗಾಯವಾದರೂ ಅವರಿಗೆ ತಿಳಿಯದು. ನೀರಿನ ಬಿಸಿಯನ್ನು ಬೇರೆಯವರು ನೋಡಲಿ. ವೈದ್ಯರನ್ನು ಕೇಳಿಯೇ ಒತ್ತಿಸಿಕೊಳ್ಳಿ. ಗರ್ಭಿಣಿಯರಿಗೂ ಇದೇ ಸಲಹೆ. ಗಾಯ, ಹುಣ್ಣು, ಮೂಳೆ ಮುರಿತವಿದ್ದರೆ ಬೇಡವೇ ಬೇಡ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯುತ್ತಿದ್ದರೆ ತಿಕ್ಕಬಾರದು. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.

ಪಾದ ಒತ್ತುವಾಗ ಗಮನಿಸಿ ನೋಡುವ ಅಭ್ಯಾಸವೂ ಒಳ್ಳೆಯದು. ಸಕ್ಕರೆ ಕಾಯಿಲೆಯ ಅತ್ತೆಯ ಹಿಮ್ಮಡಿಯಲ್ಲಿ ಅವರಿಗೇ ತಿಳಿಯದ ಸಣ್ಣ ಗಾಯವೊಂದು ಹೀಗೆ ಕಣ್ಣಿಗೆ ಬಿದ್ದರೆ, ಒಂದು ಕಾಲೇ ಉಳಿದೀತು.

ಮನೆಯ ಎಲ್ಲರ ಕಾಲು ನೋವು ವಿಚಾರಿಸುವ ಗೃಹಿಣಿಯ ಪಾದ ಒತ್ತುವವರು ಯಾರು? ವಾರಕ್ಕೊಮ್ಮೆಯಾದರೂ ಆ ಇಪ್ಪತ್ತು ನಿಮಿಷವನ್ನು ಮಗಳೋ, ಮಗನೋ, ಪತಿಯೋ ಆಕೆಗೆ ಕೊಡಲಿ. ಇದಕ್ಕೆ ಯಾವ ನಕ್ಷೆಯೂ ಬೇಕಿಲ್ಲ.